ತೆನೆಯ ಜೊತೆ ಬಾಯಿಯೂ ತೆರೆಯಲಿ

ಕನ್ಯಾಮಾತೆ ಮರಿಯಮ್ಮನವರ ಜನನದ ಹಬ್ಬದ ಚಿಂತನೆ (ಸೆಪ್ಟೆಂಬರ್ 8)



ಒಂಬತ್ತು ದಿನಗಳ ನವೇನಾ ಮುಗಿದು ಹಬ್ಬದ ದಿನ ಬಂದಿದೆ. ಮಕ್ಕಳು ಬುಟ್ಟಿ, ತಟ್ಟೆಗಳಲ್ಲಿ ಹೂ ತಂದು ಬಾಲಮರಿಯಮ್ಮನವರ ಪ್ರತಿಮೆಯ ಮುಂದೆ ಸುರಿದಿದ್ದಾರೆ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ಜನ ಅವನ್ನು ಮೆರವಣಿಗೆಯಲ್ಲಿ ದೇವಾಲಯಕ್ಕೆ ತರುತ್ತಾರೆ. ಬಲಿಪೂಜೆಯ ನಂತರ ಪ್ರತಿ ಕುಟುಂಬಕ್ಕೂ ತೆನೆ ಹಂಚಲಾಗುತ್ತದೆ. ಮನೆಯಲ್ಲಿ ಹಿರಿಯರು ಅದರ ಕಾಳುಗಳನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ತರಕಾರಿಯ ಹಬ್ಬದೂಟ. ಕೊಂಕಣಿ ಮಾತಾಡುವವರು ಇದನ್ನು ‘ಮೊಂತಿ ಫೆಸ್ತ್’ ಎನ್ನುತ್ತಾರೆ. ಕನ್ನಡದಲ್ಲಿ ನಾವು ತೆನೆಹಬ್ಬ ಎನ್ನುತ್ತೇವೆ. ಬೆಂಗಳೂರಿನ ಶಿವಾಜಿನಗರದಲ್ಲಿ ಇದೇ ದಿನ ಸೀರೆಯುಟ್ಟ ಮರಿಯಮ್ಮನವರು ತೇರಿನಲ್ಲಿ ಬೀದಿಗೆ ಬರುತ್ತಾರೆ. ಅಲ್ಲಿ ತೆನೆ ಕಾಣದು, ಆದರೆ ಜನಸಾಗರವೇ ಸೇರುತ್ತದೆ.

ಧರ್ಮಸಭೆ ತನ್ನ ಪೂಜಾವರ್ಷದಲ್ಲಿ ಮೂವರ ಹುಟ್ಟುಹಬ್ಬವನ್ನು ಮಾತ್ರ ಆಚರಿಸುತ್ತದೆ: ಪ್ರಭು ಯೇಸು, ಸ್ನಾನಿಕ ಯೊವಾನ್ನ ಮತ್ತು ಮಾತೆ ಮರಿಯಮ್ಮ. ಉಳಿದ ಸಂತರನ್ನು ನಾವು ಹೆಚ್ಚಾಗಿ ಅವರು ಮರಣಹೊಂದಿದ ದಿನದಂದು ನೆನೆಯುತ್ತೇವೆ. ಮರಿಯಮ್ಮನವರ ಜನನದ ಹಬ್ಬ ಪೂರ್ವದ ಧರ್ಮಸಭೆಯಲ್ಲಿ ಮೊದಲಾಗಿ, ಅಲ್ಲಿಂದ ರೋಮಿಗೆ ಬಂತು. ಕ್ರಿ.ಶ. 687ರಿಂದ 701ರವರೆಗೆ ಜಗದ್ಗುರುಗಳಾಗಿದ್ದ ಒಂದನೇ ಸೆರ್ಜಿಯುಸರು ಈ ಹಬ್ಬಕ್ಕೆ ರೋಮ್ ನಗರದಲ್ಲಿ ಮೆರವಣಿಗೆಯನ್ನು ಗೊತ್ತುಪಡಿಸಿದರು. ಅಂದರೆ ಸಾವಿರದ ಮುನ್ನೂರು ವರ್ಷಗಳಿಂದ ಈ ಹಬ್ಬ ದೇವಾಲಯದ ಬಾಗಿಲು ದಾಟಿ ಬೀದಿಗೆ ಬರುವ ಹಬ್ಬವಾಗಿದೆ.

ಹಬ್ಬವೇನೋ ಬೀದಿಗೆ ಬರುತ್ತದೆ. ನಮ್ಮ ಕೃತಜ್ಞತೆ ಬರುತ್ತದೆಯೇ?

ನವೇನಾದ ದಿನಗಳಲ್ಲಿ ಕೋರಿಕೆಯ ಪೆಟ್ಟಿಗೆಯನ್ನು ತೆರೆದ ಯಾವ ಗುರುವಿಗೂ ಈ ಅನುಭವ ಹೊಸದಲ್ಲ. ಮಗಳ ಮದುವೆ, ಮಗನ ಕೆಲಸ, ಗಂಡನ ಕುಡಿತ, ಗರ್ಭಕೋಶದ ಆಪರೇಷನ್, ಸಾಲ, ವೀಸಾ ಹೀಗೆ ಕೋರಿಕೆಯ ಚೀಟಿಗಳು ಹಿಡಿ ಹಿಡಿಯಾಗಿ ಬರುತ್ತವೆ. ಉಪಕಾರ ಸ್ಮರಣೆಯ ಚೀಟಿಗಳನ್ನು ಹುಡುಕಬೇಕು. ಕೇಳುವುದು ತಪ್ಪಲ್ಲ, ಕೇಳಿರಿ ಎಂದು ಪ್ರಭುವೇ ಕಲಿಸಿದ್ದಾರೆ. ಆದರೆ ಕೇಳುವಾಗ ಹತ್ತು ಜನರ ಮುಂದೆ ಕೇಳುತ್ತೇವೆ, ಪಡೆದ ಮೇಲೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿ ಮುಗಿಸುತ್ತೇವೆ. “ದೇವರಿಗೆ ನನ್ನ ಮನಸ್ಸು ಗೊತ್ತು ಫಾದರ್, ಬಾಯಿಬಿಟ್ಟು ಹೇಳಬೇಕಾ?” ಎಂದು ಅನೇಕರು ಕೇಳುತ್ತಾರೆ. ಇಂದಿನ ಚಿಂತನೆ ಈ ಪ್ರಶ್ನೆಗೆ ಉತ್ತರ.

ಬುಟ್ಟಿಯ ಜೊತೆಗೆ ಮಾತು

ಇಸ್ರಯೇಲರಲ್ಲಿಯೂ ಪ್ರಥಮಫಲದ ಅರ್ಪಣೆ ಇತ್ತು. ಅದರ ಕ್ರಮ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿದೆ. ರೈತನು ತನ್ನ ಭೂಮಿಯ ಮೊದಲ ಬೆಳೆಯನ್ನು ಬುಟ್ಟಿಯಲ್ಲಿಟ್ಟು ಯಾಜಕನ ಬಳಿಗೆ ತರಬೇಕು. ಯಾಜಕನು ಅದನ್ನು ತೆಗೆದುಕೊಂಡು ಬಲಿಪೀಠದ ಮುಂದಿಡುತ್ತಾನೆ. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ರೈತನು ಬಾಯಿ ತೆರೆದು ಕಥೆ ಹೇಳಬೇಕು: ತನ್ನ ಮೂಲಪುರುಷನು ನೆಲೆಯಿಲ್ಲದೆ ಅಲೆದಾಡಿದವನು, ಬೆರಳೆಣಿಕೆಯ ಜನರೊಂದಿಗೆ ಈಜಿಪ್ಟಿಗೆ ಹೋದನು, ಅಲ್ಲಿ ಅವನ ವಂಶದವರು ಗುಲಾಮರಾಗಿ ನೊಂದರು, ಅವರ ಮೊರೆಯನ್ನು ಸರ್ವೇಶ್ವರ ಆಲಿಸಿ ಬಿಡುಗಡೆ ಮಾಡಿದರು, ಈ ನಾಡನ್ನು ಕೊಟ್ಟರು, ಆದುದರಿಂದ ಈ ಬುಟ್ಟಿ. ಇಷ್ಟನ್ನೂ ಹೇಳಿ, ತಲೆಬಾಗಿ, ಬಳಿಕ ತನ್ನ ಮನೆಯವರೊಂದಿಗೆ ಮಾತ್ರವಲ್ಲ, ಜಮೀನಿಲ್ಲದ ಲೇವಿಯ ಮತ್ತು ಊರಿನಲ್ಲಿರುವ ಪರದೇಶಿಯ ಜೊತೆ ಸೇರಿ ಸಂತೋಷಪಡಬೇಕು.

ಗಮನಿಸಿ, ಅವನು ‘ಮಳೆ ಚೆನ್ನಾಗಿ ಬಂತು, ವಂದನೆ’ ಎಂದಷ್ಟೇ ಹೇಳುವುದಿಲ್ಲ. ಈ ಬೆಳೆ ತನಗೆ ಹೇಗೆ ಬಂತು ಎಂಬ ಕಥೆಯನ್ನು ಬುಡದಿಂದ ಹೇಳುತ್ತಾನೆ. ಗುಲಾಮರ ಮಗ ಇಂದು ಗದ್ದೆಯ ಒಡೆಯ. ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಎರಡು ತಲೆಮಾರಿನೊಳಗೆ ಅವನ ಮೊಮ್ಮಕ್ಕಳು ಗದ್ದೆ ತಮ್ಮ ಸ್ವಂತ ಶಕ್ತಿಯಿಂದ ಬಂದದ್ದು ಎಂದುಕೊಳ್ಳುತ್ತಾರೆ, ಗುಲಾಮರನ್ನು ಕಂಡರೆ ಮುಖ ತಿರುಗಿಸುತ್ತಾರೆ. ದೇವರಿಗೆ ಮನಸ್ಸು ಗೊತ್ತು, ನಿಜ. ಮಕ್ಕಳಿಗೆ ಗೊತ್ತಿಲ್ಲ. ನೆರೆಯವರಿಗೆ ಗೊತ್ತಿಲ್ಲ. ಹೇಳದೇ ಹೋದರೆ ನಮಗೇ ಮರೆತುಹೋಗುತ್ತದೆ.

ಇದರ ಬಗ್ಗೆ ಯೆಹೂದ್ಯರ ‘ಮಿಷ್ನಾ’ ಗ್ರಂಥದಲ್ಲಿ ಒಂದು ಸ್ವಾರಸ್ಯದ ವಿವರವಿದೆ. ಯೆಹೂದ್ಯ ಗುರುಗಳ ಬೋಧನೆಗಳನ್ನು ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಗ್ರಂಥವಿದು. ಪ್ರಥಮಫಲ ಹೊತ್ತ ಜನ ಕೊಳಲು ನುಡಿಸುತ್ತಾ ಜೆರುಸಲೇಮಿಗೆ ಬರುತ್ತಿದ್ದರು. ಪಟ್ಟಣದ ಕುಶಲಕರ್ಮಿಗಳು ಎದ್ದುನಿಂತು ಅವರನ್ನು ಸ್ವಾಗತಿಸುತ್ತಿದ್ದರು. ಮೊದಮೊದಲು ಆ ಪ್ರಾರ್ಥನೆಯನ್ನು ಬಲ್ಲವರು ತಾವೇ ಹೇಳುತ್ತಿದ್ದರು. ಬಾರದವರಿಗೆ ಯಾಜಕರು ಹೇಳಿಕೊಡುತ್ತಿದ್ದರು. ಆಗ ಏನಾಯಿತೆಂದರೆ, ಬಾರದವರಿಗೆ ನಾಚಿಕೆಯಾಗಿ ಅವರು ಅರ್ಪಣೆ ತರುವುದನ್ನೇ ನಿಲ್ಲಿಸಿದರು. ಹಿರಿಯರು ಅದನ್ನು ಕಂಡು ನಿಯಮ ಬದಲಿಸಿದರು: ಬಲ್ಲವನಾಗಲಿ, ಬಾರದವನಾಗಲಿ, ಇನ್ನು ಎಲ್ಲರಿಗೂ ಯಾಜಕರೇ ಹೇಳಿಕೊಡಬೇಕು. ನಾಚಿಕೆಯವನಿಗೆ ‘ನೀನು ಸುಮ್ಮನಿರು’ ಎನ್ನಲಿಲ್ಲ. ಅವನೂ ಬಾಯಿ ತೆರೆಯುವಂತೆ ದಾರಿ ಮಾಡಿಕೊಟ್ಟರು. ಎಲ್ಲರ ಮುಂದೆ ದೇವರನ್ನು ಕೊಂಡಾಡುವುದು ಮಾತುಗಾರರ ಸ್ವತ್ತಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು.

ಒಂದೇ ದಿನದಲ್ಲಿ ಮುಗಿಯಬೇಕಾದ ಊಟ

ಯಾಜಕಕಾಂಡದ 7ನೇ ಅಧ್ಯಾಯದಲ್ಲಿ ಕೃತಜ್ಞತಾಬಲಿಯ ನಿಯಮವಿದೆ. ಹಿಬ್ರೂ ಭಾಷೆಯಲ್ಲಿ ಇದಕ್ಕೆ ‘ತೋದಾ’ ಎಂಬ ಹೆಸರು. ಕಾಯಿಲೆಯಿಂದಲೋ, ಸೆರೆಯಿಂದಲೋ, ಸಾವಿನ ಬಾಯಿಂದಲೋ ಪಾರಾದವನು ಒಂದು ಪ್ರಾಣಿಯನ್ನೂ ಅದರ ಜೊತೆಗೆ ಬಗೆಬಗೆಯ ರೊಟ್ಟಿಗಳನ್ನೂ ಅರ್ಪಿಸುತ್ತಿದ್ದನು. ಇದಕ್ಕೊಂದು ಕಟ್ಟುನಿಟ್ಟಿನ ಷರತ್ತು: ಆ ಬಲಿಯ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಮರುದಿನ ಬೆಳಗಿಗೆ ಏನೂ ಉಳಿಯಬಾರದು.

ಇಡೀ ಒಂದು ಕುರಿಯನ್ನು ಒಬ್ಬನೇ ಒಂದು ದಿನದಲ್ಲಿ ತಿಂದು ಮುಗಿಸಲು ಸಾಧ್ಯವೇ? ಅವನು ಜನರನ್ನು ಕರೆಯಲೇಬೇಕು. ಬಂದವರು ‘ಏನು ವಿಶೇಷ?’ ಎಂದು ಕೇಳದೆ ಇರುವುದಿಲ್ಲ. ಅವನು ಹೇಳದೆ ಇರಲಾಗುವುದಿಲ್ಲ. ಉಪ್ಪು ಹಾಕಿ ಒಣಗಿಸಿ ಮನೆಯಲ್ಲಿ ಬಚ್ಚಿಡುವ ಕೃತಜ್ಞತೆಗೆ ಈ ನಿಯಮದಲ್ಲಿ ಜಾಗವೇ ಇಲ್ಲ. 22ನೇ ಕೀರ್ತನೆಯನ್ನು ಓದಿ ನೋಡಿ. ಅದರ ಮೊದಲ ಮಾತನ್ನೇ ಪ್ರಭು ಶಿಲುಬೆಯ ಮೇಲೆ ನುಡಿದರು. ಆರಂಭದಲ್ಲಿ ಕೈಬಿಡಲ್ಪಟ್ಟವನ ಆರ್ತನಾದ. ಕೊನೆಯಲ್ಲಿ ಅದೇ ವ್ಯಕ್ತಿ ಮಹಾಸಭೆಯ ನಡುವೆ ನಿಂತು ದೇವರನ್ನು ಕೊಂಡಾಡುತ್ತಾನೆ, ಬಡವರು ಉಂಡು ತೃಪ್ತರಾಗುತ್ತಾರೆ. ಸ್ತುತಿಯೂ ಊಟವೂ ಅಲ್ಲಿ ಒಟ್ಟಿಗೇ ಬರುತ್ತವೆ.

ನಮ್ಮ ತೆನೆಹಬ್ಬದ ಊಟಕ್ಕೂ ಇದೇ ಗುಣವಿದೆ. ದೂರದೂರಿನಲ್ಲಿರುವ ಮಕ್ಕಳಿಗೂ ಅಂಚೆಯಲ್ಲಿ ತೆನೆ ಕಳಿಸುವ ತಾಯಂದಿರಿದ್ದಾರೆ. ಅವರು ಕಳಿಸುವುದು ಕಾಳಲ್ಲ. ಮನೆಯ ಉಪಕಾರ ಸ್ಮರಣೆಯಲ್ಲಿ ಆ ಮಗುವಿನ ಪಾಲು.

ಶುಭಸಂದೇಶದಲ್ಲಿ ಒಂದು ತೆನೆ

ಈ ಹಬ್ಬದ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ. ಉದ್ದನೆಯ ಹೆಸರುಗಳ ಪಟ್ಟಿ. ಕೇಳುವವರಿಗೆ ಬೇಸರ, ಓದುವ ಗುರುಗಳಿಗೆ ನಾಲಿಗೆ ತೊಡಕು. ಮರಿಯಮ್ಮನವರ ಜನನದ ಕಥೆಯಂತೂ ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅವರ ತಂದೆ ತಾಯಿ ಜೋಕಿಮ್ ಮತ್ತು ಅನ್ನಮ್ಮ ಎಂಬುದು ಎರಡನೆಯ ಶತಮಾನದ ಒಂದು ಬರಹದಿಂದ, ಪರಂಪರೆಯ ಮೂಲಕ, ನಮಗೆ ಬಂದದ್ದು. ಹಾಗಿದ್ದರೂ ಧರ್ಮಸಭೆ ಈ ವಂಶಾವಳಿಯನ್ನು ಇಂದು ಗಟ್ಟಿಯಾಗಿ ಓದಿಸುತ್ತದೆ. ಪ್ರಥಮಫಲ ತಂದ ರೈತನು ಹೇಳಿದ ಹಾಗೆ, ಇದೂ ಬುಡದಿಂದ ಹೇಳುವ ಕಥೆ. ಯೇಸು ನಮಗೆ ಸಿಕ್ಕಿದ್ದು ಹೇಗೆ ಎಂದು ಒಂದೊಂದೇ ಹೆಸರು ಹಿಡಿದು ನೆನೆಯುವ ಕೃತಜ್ಞತೆ.

ಆ ಪಟ್ಟಿಯಲ್ಲಿ ರೂತ್ ಇದ್ದಾಳೆ. ತೆನೆಹಬ್ಬದ ದಿನ ಅವಳನ್ನು ಮರೆಯಬಾರದು, ಏಕೆಂದರೆ ಅವಳು ತೆನೆ ಆಯ್ದು ಬದುಕಿದವಳು. ಬರಗಾಲದಲ್ಲಿ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದ ನವೊಮಿ ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡಳು. ಮೋವಾಬಿನ ಸೊಸೆ ರೂತಳೊಂದಿಗೆ ಹಿಂದಿರುಗಿದಾಗ ಊರ ಹೆಂಗಸರು ‘ಇವಳು ನವೊಮಿಯಲ್ಲವೇ?’ ಎಂದರು. ಆ ಹೆಸರಿನ ಅರ್ಥ ಹಿತವಾದವಳು. ಅವಳು ಅವರೆಲ್ಲರ ಮುಂದೆಯೇ, ಇನ್ನು ನನ್ನನ್ನು ‘ಮಾರಾ’ ಅಂದರೆ ಕಹಿಯಾದವಳು ಎಂದು ಕರೆಯಿರಿ ಎಂದಳು. ದೇವರ ಮೇಲಿನ ದೂರನ್ನು ಅವಳು ಮುಚ್ಚಿಡಲಿಲ್ಲ.

ಆಗ ಜವೆಗೋಧಿಯ ಕೊಯ್ಲಿನ ಕಾಲ. ಹೊಲದ ಅಂಚನ್ನು ಕೊಯ್ಯಬಾರದು, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗೂ ಬಿಡಬೇಕು ಎಂಬ ದೈವಾಜ್ಞೆಯ ಬಲದಿಂದ ರೂತ್ ತೆನೆ ಆಯ್ದು ಅತ್ತೆಯನ್ನು ಸಾಕಿದಳು. ಹೊಲದ ಒಡೆಯ ಬೋವಜ ಅವಳನ್ನು ಮದುವೆಯಾದನು. ಓಬೇದ ಹುಟ್ಟಿದನು. ಆ ದಿನ ಅದೇ ಊರ ಹೆಂಗಸರು ನವೊಮಿಯ ಸುತ್ತ ಸೇರಿ ಗಟ್ಟಿಯಾಗಿ ಸರ್ವೇಶ್ವರನನ್ನು ಕೊಂಡಾಡಿದರು. ಅವಳ ಕಹಿಯನ್ನು ಕಿವಿಯಾರೆ ಕೇಳಿದವರೇ ಅವಳ ಸಿಹಿಗೂ ಸಾಕ್ಷಿಯಾದರು. ದುಃಖವನ್ನು ಮುಚ್ಚಿಟ್ಟಿದ್ದರೆ ಆ ಸಂತೋಷದಲ್ಲಿ ಊರಿಗೆ ಪಾಲು ಸಿಗುತ್ತಿರಲಿಲ್ಲ.

ಓಬೇದನ ಮೊಮ್ಮಗ ದಾವೀದ. ಮಂಜೂಷವನ್ನು ಜೆರುಸಲೇಮಿಗೆ ತರುವಾಗ ಅವನು ನಾರಿನ ಏಫೋದು ತೊಟ್ಟು, ಮೈಯಲ್ಲಿದ್ದ ಬಲವನ್ನೆಲ್ಲಾ ಹಾಕಿ ಕುಣಿದನು (2 ಸಮುವೇಲ 6). ಪೂರ್ಣಹೃದಯದ ಸ್ತುತಿ ಎಂದರೆ ಇದೇ. ರಾಜನ ಗತ್ತನ್ನು ಒಂದು ಕಡೆ ತೆಗೆದಿಡದೆ ಹಾಗೆ ಕುಣಿಯಲಾಗದು. ಕಿಟಕಿಯಿಂದ ನೋಡಿದ ಪತ್ನಿ ಮೀಕಲಳು ಅವನನ್ನು ತಿರಸ್ಕರಿಸಿದಳು. ದಾವೀದನು ನಾಚಲಿಲ್ಲ. ಕುಣಿದು ಸುಮ್ಮನೆ ಅರಮನೆಗೂ ಹೋಗಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬ ಗಂಡಸಿಗೂ ಹೆಂಗಸಿಗೂ ರೊಟ್ಟಿ ಹಂಚಿ ಕಳಿಸಿದನು.

ಮರಿಯಮ್ಮನವರು ಬಾಯಿ ತೆರೆದಾಗ

ಮರಿಯಮ್ಮನವರು ಮಿತಭಾಷಿ. ಕಂಡದ್ದನ್ನೂ ಕೇಳಿದ್ದನ್ನೂ ಹೃದಯದಲ್ಲಿಟ್ಟು ಮನನ ಮಾಡುತ್ತಿದ್ದರು ಎಂದು ಲೂಕನು ಎರಡು ಬಾರಿ ಹೇಳುತ್ತಾನೆ. ನಾಲ್ಕೂ ಶುಭಸಂದೇಶಗಳನ್ನು ಸೇರಿಸಿದರೂ ಅವರ ಮಾತುಗಳು ಕೆಲವೇ. ಆದರೆ ಒಂದು ಸಲ ಮಾತ್ರ ಅವರು ದೀರ್ಘವಾಗಿ ಮಾತಾಡುತ್ತಾರೆ. ಅದು ಸ್ತುತಿಗೀತೆ. ಇಷ್ಟು ಮೌನಿಯಾದ ತಾಯಿಯೇ ಕೃತಜ್ಞತೆಯ ವಿಷಯ ಬಂದಾಗ ಮೌನವಾಗಿರಲಿಲ್ಲ.

ಅದೂ ಎಂಥ ಹೊತ್ತಿನಲ್ಲಿ! ನಿಶ್ಚಿತಾರ್ಥವಾದ ಹುಡುಗಿ, ಒಡಲಲ್ಲಿ ಮಗು, ಊರಿಗೆ ತಿಳಿದರೆ ಏನಾಗುವುದೋ ಗೊತ್ತಿಲ್ಲ. ಬೇರೊಬ್ಬರಾಗಿದ್ದರೆ ಕದ ಹಾಕಿ ಕೂರುತ್ತಿದ್ದರು. ಅವರು ಜುದೇಯದ ಬೆಟ್ಟದ ನಾಡಿಗೆ ಅವಸರದಿಂದ ನಡೆದರು, ಎಲಿಜಬೇತಳ ಮನೆ ಸೇರಿದರು. ಹಿರಿಯಳ ಬಾಯಿಂದ ಹರಕೆಯ ಮಾತು ಬಂದಾಗ ‘ಅಯ್ಯೋ, ನನ್ನದೇನಿದೆ’ ಎಂದು ಹುಸಿ ವಿನಯ ತೋರಲಿಲ್ಲ. ದೇವರು ತನ್ನಲ್ಲಿ ಮಹತ್ಕಾರ್ಯ ಮಾಡಿದ್ದಾರೆ ಎಂದು ಒಪ್ಪಿಕೊಂಡರು. ಮುಂದಿನ ತಲೆಮಾರುಗಳೆಲ್ಲಾ ತನ್ನನ್ನು ಧನ್ಯಳೆನ್ನುವರು ಎಂದೂ ಹೇಳಿದರು. ಆದರೆ ಹಾಡು ಅವರಲ್ಲೇ ನಿಲ್ಲುವುದಿಲ್ಲ. ತನ್ನಿಂದ ಹೊರಟು, ಹಸಿದವರ ಮತ್ತು ದೀನದಲಿತರ ಕಡೆಗೆ ಹೋಗಿ, ಕೊನೆಗೆ ಅಬ್ರಹಾಮನನ್ನು ಮುಟ್ಟುತ್ತದೆ. ತನಗೆ ದೊರೆತ ಉಪಕಾರದಲ್ಲಿ ಇಡೀ ಜನಾಂಗದ ಉಪಕಾರವನ್ನು ಕಾಣುತ್ತಾರೆ. ಬುಟ್ಟಿ ಹಿಡಿದು ನಿಂತ ಆ ರೈತನ ಮಾತಿನ ಧಾಟಿಯೇ ಇದು. ಧರ್ಮಸಭೆ ಈ ಗೀತೆಯನ್ನು ಪ್ರತಿದಿನ ಸಂಜೆಯ ಪ್ರಾರ್ಥನೆಯಲ್ಲಿ ತನ್ನದಾಗಿ ಹಾಡುತ್ತದೆ.

ಹಾಡಿದ ಮೇಲೆ ಅವರು ಮೂರು ತಿಂಗಳು ಅಲ್ಲೇ ಉಳಿದರು. ಬಾಣಂತನದ ಮನೆಯಲ್ಲಿ ಕೆಲಸಕ್ಕೇನು ಕಡಿಮೆ! ಸ್ತುತಿಸಿದ ಬಾಯಿ, ದುಡಿದ ಕೈ ಎರಡೂ ಒಬ್ಬರವೇ.

ಗುಟ್ಟಾಗಿ ಪ್ರಾರ್ಥಿಸಬೇಕಲ್ಲವೇ?

ಇಲ್ಲಿ ಕೆಲವರು ಕೇಳಬಹುದು: ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿರಿ ಎಂದು ಪ್ರಭುವೇ ಹೇಳಲಿಲ್ಲವೇ (ಮತ್ತಾಯ 6:5-6)? ಹೇಳಿದ್ದಾರೆ. ಬೀದಿ ಮೂಲೆಯಲ್ಲಿ ನಿಂತು, ಜನ ನೋಡಲೆಂದು ಪ್ರಾರ್ಥಿಸುವವರನ್ನು ಅವರು ಖಂಡಿಸಿದರು. ತಮ್ಮ ಹೆಸರು ಮೆರೆಯಲೆಂದು ದೇವರ ಹೆಸರನ್ನು ಬಳಸುವ ಚಾಳಿಯನ್ನು ಖಂಡಿಸಿದರು. ಇಂದಿಗೂ ಆ ಅಪಾಯ ತಪ್ಪಿಲ್ಲ. ಹರಕೆ ತೀರಿಸುವ ನೆಪದಲ್ಲಿ ದೊಡ್ಡಸ್ತಿಕೆ, ಕೃತಜ್ಞತಾ ಪೂಜೆಯ ಹೆಸರಿನಲ್ಲಿ ಇನ್ನೂರು ಜನರ ಆಡಂಬರದ ಊಟ, ಮೊಬೈಲಿನಲ್ಲಿ ದಿನಕ್ಕೊಂದು ಆಶೀರ್ವಾದದ ಫೋಟೋ. ಕೇಳಿದವರಿಗೆ ದೇವರ ಬದಲು ಕಾರು ಕಾಣುತ್ತದೆ, ಮನೆ ಕಾಣುತ್ತದೆ.

ಆದರೆ ಅದೇ ಪ್ರಭು ಲೂಕನ 17ನೇ ಅಧ್ಯಾಯದಲ್ಲಿ ಬೇರೆ ಪ್ರಶ್ನೆ ಕೇಳುತ್ತಾರೆ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ಒಬ್ಬ ಸಮಾರಿಯದವನು ಮಾತ್ರ ಹಿಂದಿರುಗಿ, ದೊಡ್ಡ ದನಿಯಲ್ಲಿ ದೇವರನ್ನು ಕೊಂಡಾಡುತ್ತಾ ಯೇಸುವಿನ ಪಾದಕ್ಕೆ ಬಿದ್ದನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಪ್ರಭು ಕೇಳಿದರು. ಆ ಒಂಬತ್ತು ಮಂದಿ ಕೃತಘ್ನರೆಂದು ಹೇಳಲಾಗದು. ಯಾಜಕರಿಗೆ ಮೈ ತೋರಿಸಲು ಪ್ರಭುವೇ ಕಳಿಸಿದ್ದರು. ಮನಸ್ಸಿನಲ್ಲಿ ಖಂಡಿತ ವಂದಿಸಿರುತ್ತಾರೆ. ‘ಕರುಣೆಯಿಡು’ ಎಂದು ಬೇಡುವಾಗ ಹತ್ತೂ ಮಂದಿ ದೂರದಲ್ಲಿ ನಿಂತು ದನಿ ಎತ್ತಿದ್ದರು. ಗುಣವಾದ ಮೇಲೆ ಆ ದನಿ ಒಬ್ಬನಲ್ಲಿ ಮಾತ್ರ ಉಳಿಯಿತು. ದೇಹಶುದ್ಧಿ ಹತ್ತು ಜನರಿಗೆ; ವಿಶ್ವಾಸ ನಿನ್ನನ್ನು ಉದ್ಧಾರ ಮಾಡಿದೆ ಎಂಬ ಮಾತು ಹಿಂದಿರುಗಿದ ಒಬ್ಬನಿಗೆ.

ಹಾಗಾದರೆ ಪರೀಕ್ಷೆ ಸುಲಭ. ನಾನು ಸ್ತುತಿಸಿದ ಮೇಲೆ ಕೇಳಿದವರ ಮನಸ್ಸಿನಲ್ಲಿ ಯಾರು ದೊಡ್ಡವರಾದರು, ನಾನೋ, ದೇವರೋ? ಕೇಳಿದವನು ಬಡವನಾಗಿದ್ದರೆ ಅವನಿಗೆ ಧೈರ್ಯ ಬಂತೋ, ಹೊಟ್ಟೆ ಉರಿಯಿತೋ? ಕೋಣೆಯ ಪ್ರಾರ್ಥನೆ ಬೇರು, ಸಭೆಯ ಸ್ತುತಿ ಹಣ್ಣು. ಬೇರನ್ನು ಕಿತ್ತು ಬೀದಿಯಲ್ಲಿ ತೋರಿಸಬಾರದು, ಹಣ್ಣನ್ನು ಮಣ್ಣಿನಲ್ಲಿ ಹೂಳಬಾರದು.

ತೆನೆಯಿಲ್ಲದ ವರ್ಷ

ಬೆಳೆ ಬಂದ ವರ್ಷ ಸ್ತುತಿಸಬಹುದು. ಬಾರದ ವರ್ಷ?

2019ರ ಆಗಸ್ಟ್ ತಿಂಗಳಲ್ಲಿ ನಮ್ಮ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಪ್ರವಾಹ ಬಂದದ್ದು ನೆನಪಿರಬಹುದು. ಆಗ ನಾನಿದ್ದ ಧರ್ಮಕೇಂದ್ರದಲ್ಲಿ ಒಬ್ಬರು ರೈತರ ಹೊಳೆಬದಿಯ ಗದ್ದೆಗೆ ನೀರು ನುಗ್ಗಿತು. ನೀರು ಇಳಿದಾಗ ಪೈರಿನ ಮೇಲೆ ಮೊಣಕಾಲುದ್ದ ಮರಳು. ಆ ವರ್ಷ ತೆನೆಹಬ್ಬ ಭಾನುವಾರ ಬಂದಿತ್ತು. ಪ್ರತಿವರ್ಷ ದೇವಾಲಯಕ್ಕೆ ತೆನೆ ಕೊಡುವವರಲ್ಲಿ ಅವರೂ ಒಬ್ಬರು. ಈ ಸಲ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆವು. ಬಂದರು. ಪೂಜೆಯ ಕೊನೆಯಲ್ಲಿ ನನ್ನ ಬಳಿ ಬಂದು, “ಫಾದರ್, ಎರಡು ಮಾತು ಹೇಳಲಾ?” ಎಂದರು.

ಮೈಕಿನ ಮುಂದೆ ನಿಂತವರಿಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಆಮೇಲೆ ಹೇಳಿದರು: “ಗದ್ದೆ ಹೋಯಿತು, ನಿಮಗೆಲ್ಲಾ ಗೊತ್ತು. ಆ ವಿಷಯದಲ್ಲಿ ದೇವರ ಹತ್ತಿರ ನನ್ನದು ಇನ್ನೂ ಜಗಳ ಇದೆ. ಮುಗಿದಿಲ್ಲ. ಆದರೆ ಆ ರಾತ್ರಿ ನೆರೆಮನೆಯವರು ಹಗ್ಗ ಕಟ್ಟಿಕೊಂಡು ನೀರಿಗಿಳಿದು ನನ್ನ ಅಮ್ಮನನ್ನು ಬೆನ್ನ ಮೇಲೆ ಹೊತ್ತು ತಂದರು. ಅವರು ನಮ್ಮ ಇಗರ್ಜಿಯವರಲ್ಲ. ಅಮ್ಮ ಈಗ ಮನೆಯಲ್ಲಿ ಕೂತು ಜಪಸರ ಹೇಳುತ್ತಿದ್ದಾರೆ. ಇದನ್ನು ನಾನು ಎಲ್ಲರ ಮುಂದೆ ಹೇಳದಿದ್ದರೆ ದೇವರಿಗೆ ಮೋಸ ಮಾಡಿದ ಹಾಗೆ.” ಇಷ್ಟು ಹೇಳಿ ಕೆಳಗಿಳಿದರು.

ಅವರು ಸಹಾಯ ಕೇಳಲಿಲ್ಲ. ಆದರೆ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹಾರೆ, ಬುಟ್ಟಿ ಹಿಡಿದ ಜನ ಅವರ ಗದ್ದೆಗೆ ಹೋದರು. ನೆರೆಮನೆಯವರೂ ಬಂದರು. ನನ್ನ ಪ್ರಬೋಧನೆಗಳನ್ನು ಕೇಳಿ ಯಾರೂ ಎಂದೂ ಹಾರೆ ಎತ್ತಿದ್ದಿಲ್ಲ.

ಪ್ರವಾದಿ ಹಬಕ್ಕೂಕನ ಗ್ರಂಥದ ಕೊನೆಯಲ್ಲಿ ಇಂಥದೇ ಸ್ತುತಿಯಿದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿ ಬರಿದಾದರೂ ತಾನು ದೇವರಲ್ಲಿ ಆನಂದಿಸುವೆನೆಂದು ಅವನು ಹೇಳುತ್ತಾನೆ. ಅದೇ ಹಬಕ್ಕೂಕ ಗ್ರಂಥದ ಆರಂಭದಲ್ಲಿ ಎಷ್ಟು ಕಾಲ ಮೊರೆಯಿಡಲಿ ಎಂದು ದೇವರೊಡನೆ ವಾದಿಸಿದವನು. ಪೂರ್ಣಹೃದಯದ ಸ್ತುತಿಯೆಂದರೆ ನೋವನ್ನು ಒರೆಸಿಕೊಂಡು ನಗುಮುಖ ತೋರುವುದಲ್ಲ. ಹೃದಯದಲ್ಲಿ ನೋವೂ ಇರುವಾಗ ಪೂರ್ಣಹೃದಯದಲ್ಲಿ ಅದೂ ಸೇರಿದೆ. ಕಳೆದುಕೊಂಡದ್ದಕ್ಕೆ ‘ಒಳ್ಳೆಯದೇ ಆಯಿತು’ ಎನ್ನಬೇಕೆಂದು ದೇವರು ಕೇಳುವುದಿಲ್ಲ. ಉಳಿದದ್ದು ಅವರ ಕೊಡುಗೆ ಎಂಬುದನ್ನು ಮುಚ್ಚಿಡಬಾರದು, ಅಷ್ಟೆ.

ನಮ್ಮ ಕೃತಜ್ಞತಾಬಲಿ

ಪ್ರಭು ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ರೊಟ್ಟಿಯನ್ನು ಕೈಗೆ ತೆಗೆದುಕೊಂಡು, ಶಿಷ್ಯರೆಲ್ಲರ ಮುಂದೆ ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಊಟ ಮುಗಿಸಿ ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರು ಎಂದು ಮಾರ್ಕನು ಬರೆಯುತ್ತಾನೆ. ಗೆತ್ಸೆಮನೆಯ ಬೆವರಿಗೆ ಮೊದಲು ಒಂದು ಹಾಡು! ಪರಮಪ್ರಸಾದದ ಸಂಸ್ಕಾರಕ್ಕೆ ಗ್ರೀಕ್ ಭಾಷೆಯಲ್ಲಿ ‘ಯೂಕರಿಸ್ತಿಯ’ ಎಂದು ಹೆಸರು; ಕೃತಜ್ಞತೆ ಸಲ್ಲಿಸುವುದು ಎಂದೇ ಅದರ ಅರ್ಥ. ಸಮಾರಿಯದವನು ಯೇಸುವಿನ ಪಾದದ ಬಳಿ ಮಾಡಿದ ವಂದನೆಗೂ ಲೂಕನು ಬಳಸಿದ್ದು ಅದೇ ಮೂಲದ ಪದ. ಪ್ರತಿ ಬಲಿಪೂಜೆಯಲ್ಲಿಯೂ ಕಾಣಿಕೆಯ ನಂತರ ಗುರುಗಳು ಕೃತಜ್ಞತೆ ಸಲ್ಲಿಸಲು ನಮ್ಮನ್ನು ಕರೆಯುತ್ತಾರೆ, ಅದು ಯುಕ್ತವೆಂದು ನಾವು ಒಪ್ಪುತ್ತೇವೆ. ಮಿಷ್ನಾ ಹೇಳುವ ಆ ಯಾಜಕರಂತೆ ಧರ್ಮಸಭೆ ಇಲ್ಲಿ ಬಲ್ಲವರಿಗೂ ಬಾರದವರಿಗೂ ಒಂದೇ ಮಾತು ಹೇಳಿಕೊಡುತ್ತದೆ. ಆ ಉತ್ತರವನ್ನು ತುಟಿಯಂಚಿನಲ್ಲಿ ಗೊಣಗದೆ ಗಟ್ಟಿಯಾಗಿ ಹೇಳುವುದರಿಂದಲೇ ಆರಂಭಿಸಬಹುದು.

ಈ ಹಬ್ಬದಂದು ಮನೆಯಲ್ಲಿ ತೆನೆ ಹಂಚುವ ಮುನ್ನ ಒಂದು ಸಣ್ಣ ಪದ್ಧತಿ ಇಟ್ಟುಕೊಳ್ಳಿ. ಮನೆಯ ಹಿರಿಯರು ಕುಟುಂಬದ ಕಥೆಯನ್ನು ಐದು ನಿಮಿಷ ಹೇಳಲಿ: ಅಜ್ಜ ಎಲ್ಲಿಂದ ಬಂದರು, ಯಾರ ಗದ್ದೆಯಲ್ಲಿ ದುಡಿದರು, ಕಷ್ಟದಲ್ಲಿ ಯಾರು ಅನ್ನ ಕೊಟ್ಟರು, ಯಾರು ಫೀಸು ಕಟ್ಟಿದರು. ಬಳಿಕ ಪ್ರತಿಯೊಬ್ಬರೂ ಈ ವರ್ಷದ ಒಂದೇ ಒಂದು ಉಪಕಾರವನ್ನು ಬಾಯಿಬಿಟ್ಟು ಹೇಳಲಿ. ಚಿಕ್ಕ ಮಕ್ಕಳೂ ಹೇಳಲಿ. ನಾಚುವವರಿಗೆ ಹೇಳಿಕೊಡಿ. ಊಟಕ್ಕೆ ಹೊರಗಿನ ಒಬ್ಬರನ್ನಾದರೂ ಕರೆಯಿರಿ, ರೂತಳಂತೆ ಬೇರೆ ಊರಿನಿಂದ ಬಂದು ನಮ್ಮ ನಡುವೆ ದುಡಿಯುತ್ತಿರುವವರಾದರೆ ಇನ್ನೂ ಒಳ್ಳೆಯದು. ನವೇನಾದ ಪೆಟ್ಟಿಗೆಗೆ ಎರಡು ಚೀಟಿ ಹಾಕುವವರು ಒಂದನ್ನು ಉಪಕಾರ ಸ್ಮರಣೆಗೆ ಇಡಿ.

ಪ್ರಿಯರೇ, ನವೊಮಿಯ ಊರಿನ ಹೆಂಗಸರು ಕೊಂಡಾಡಿದ ಆ ಮಗುವಿನ ವಂಶದಲ್ಲಿ ದಾವೀದನು ಹುಟ್ಟಿದನು. ದಾವೀದನ ವಂಶಾವಳಿಯ ಕೊನೆಗೆ ಜೋಸೆಫರ ಹೆಸರು, ಅವರ ಪಕ್ಕದಲ್ಲಿ ಮರಿಯಮ್ಮನವರ ಹೆಸರು. ಅವರಿಂದ ಯೇಸು ಜನಿಸಿದರು. ಬಡ ಸೊಸೆಯೊಬ್ಬಳು ಅಂದು ಆಯ್ದ ತೆನೆಯ ಊರಾದ ಬೆತ್ಲೆಹೇಮಿನಲ್ಲೇ ಜೀವದ ರೊಟ್ಟಿ ನಮಗೆ ದೊರೆಯಿತು. ಇಂಥ ಕಥೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲು ಹೇಗೆ ಸಾಧ್ಯ?

ಮಾತೆ ಮರಿಯಮ್ಮನವರೇ, ಇಂದು ನಿಮ್ಮ ಹುಟ್ಟುಹಬ್ಬ. ನಿಮ್ಮ ಪಾದದ ಬಳಿ ಹೂವಿಟ್ಟಿದ್ದೇವೆ, ತೆನೆಯಿಟ್ಟಿದ್ದೇವೆ. ನಾಚಿಕೆಯಿಂದ ಮುಚ್ಚಿದ ನಮ್ಮ ಬಾಯನ್ನು ತೆರೆಸಿರಿ. ತುಂಬಿದ ಕಣಜದವರು ಹಂಚುವಂತೆ, ಬರಿದಾದ ಗದ್ದೆಯವರು ಎದೆಗುಂದದಂತೆ ನಿಮ್ಮ ಮಗನಲ್ಲಿ ನಮಗಾಗಿ ಬೇಡಿಕೊಳ್ಳಿರಿ. ಆಮೆನ್.